ಹೆಸರಿಲ್ಲದ ಜ್ವರದ ಎದುರು ಮೊದಲು ನಿಲ್ಲುವವರು

ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದರೆ ಸುಮಾರು 30 ಕಿಲೋಮೀಟರಿಗೆ ಕಲಘಟಗಿ, ಬಣ್ಣದ ತೊಟ್ಟಿಲಿಗೆ ಹೆಸರಾದ ಪೇಟೆ. ಅದೇ ತಾಲ್ಲೂಕಿನಲ್ಲಿ, ಬಯಲುಸೀಮೆ ಮುಗಿದು ಕಾಡು ಶುರುವಾಗುವ ಕಡೆ ತಂಬೂರ ಇದೆ. ಬಸವಣ್ಣನ ಗುಡಿಗೆಂದು ಸುತ್ತಲ ಊರವರು ಬಂದು ಹೋಗುವ ಜಾಗ. ಇಂಥ ಊರಿನಲ್ಲಿ ಯಾರಾದರೂ ಜ್ವರದಿಂದ ಮಲಗಿದರೆ ಮನೆಗೆ ಮೊದಲು ಬರುವುದು ಡಾಕ್ಟರ್ ಅಲ್ಲ, ಆಂಬುಲೆನ್ಸ್ ಕೂಡ ಅಲ್ಲ. ಗುಲಾಬಿ ಸೀರೆ ಉಟ್ಟ ಆಶಾ ಕಾರ್ಯಕರ್ತೆ.

“ಅಕ್ಕಾರ, ಒಳಗ ಬರ್ರಿ. ಅಪ್ಪಗ ಮೂರು ದಿನ ಆತು, ಜ್ವರಾ ಬಿಟ್ಟಿಲ್ರಿ.”

ಅವಳು ಒಳಗೆ ಹೋಗುತ್ತಾಳೆ. ಧಾರವಾಡ ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಈ ಒಳಗೆ ಹೋಗುವುದರ ಅರ್ಥ ಗೊತ್ತು. ದಪ್ಪ ಮಣ್ಣಿನ ಗೋಡೆ, ತಲೆ ಬಗ್ಗಿಸಿ ದಾಟುವ ಬಾಗಿಲು, ಒಂದು ಬದಿಗೆ ದನ ಕಟ್ಟುವ ಜಾಗ, ಮೇಲೆ ಪಡಸಾಲಿ, ಅದರಾಚೆ ನಡುಮನಿ. ಕಿಟಕಿ ಇಲ್ಲ, ಇದ್ದರೆ ಗೇಣುದ್ದ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ ಇರಲೆಂದು ಹಿರಿಯರು ಕಟ್ಟಿದ ಮನೆ ಅದು. ಆದರೆ ಕೆಮ್ಮುವವರು ಮೂರು ದಿನ ಒಳಗೇ ಮಲಗಿದ್ದಾರೆಂದರೆ ಆ ಗಾಳಿ ಅಲ್ಲೇ ನಿಂತಿರುತ್ತದೆ. ಆಶಾ ಅಕ್ಕ ಚಾಪೆಯ ಬದಿಗೆ ಕುಳಿತು ಹಣೆ ಮುಟ್ಟಿ ನೋಡುತ್ತಾಳೆ, ಕೆಮ್ಮು ಎಷ್ಟು ದಿನದಿಂದ ಎಂದು ಕೇಳುತ್ತಾಳೆ, ಎಲ್ಲಿಗಾದರೂ ಹೋಗಿ ಬಂದಿದ್ದರೇ ಎಂದು ವಿಚಾರಿಸುತ್ತಾಳೆ. ಎದ್ದು ಹೊರಡುವ ಹೊತ್ತಿಗೆ “ಚಾ ಕುಡದು ಹೋಗ್ರಿ” ಎಂದು ಲೋಟ ಮುಂದೆ ಬರುತ್ತದೆ. ಅವಳು ಮಾಸ್ಕ್ ಕೆಳಗೆ ಎಳೆದು ಅದೇ ಕೋಣೆಯಲ್ಲಿ ಚಹಾ ಕುಡಿಯುತ್ತಾಳೆ. ಬೇಡ ಅನ್ನುವುದು ಅಷ್ಟು ಸುಲಭವಲ್ಲ. ಅವಳು ಆ ಊರಿನ ಸೊಸೆ, ಆ ಮನೆಯವರು ಅವಳಿಗೆ ಹೇಗೋ ಸಂಬಂಧಿಕರು. ಆಶಾ ಕಾರ್ಯಕರ್ತೆ ಆ ಊರಿನವಳೇ ಆಗಿರಬೇಕು ಎಂಬುದು ಯೋಜನೆಯ ನಿಯಮ. ಸಾವಿರ ಜನಕ್ಕೆ ಒಬ್ಬಳು. ಊರವಳಾದ್ದರಿಂದಲೇ ಬಾಗಿಲು ತೆರೆಯುತ್ತದೆ, ಊರವಳಾದ್ದರಿಂದಲೇ ಅಂತರ ಇಟ್ಟುಕೊಳ್ಳಲು ಆಗುವುದಿಲ್ಲ.

ಆ ಹೊತ್ತಿನಲ್ಲಿ ಆ ಜ್ವರಕ್ಕೆ ಇನ್ನೂ ಹೆಸರಿಲ್ಲ. ಅದು ನೆಗಡಿಯ ಜ್ವರ ಇರಬಹುದು, ಡೆಂಗಿ, ಟೈಫಾಯ್ಡ್, ಎಚ್1ಎನ್1, ಇಲ್ಲವೇ ಇನ್ನೇನೋ. ಆಸ್ಪತ್ರೆಯ ಐಸಿಯು ಒಳಗೆ ಅಡಿಯಿಂದ ಮುಡಿವರೆಗೆ ಬಿಳಿ ಕಿಟ್ ತೊಟ್ಟು ನಿಂತ ವೈದ್ಯರಿಗೆ ಎದುರಿಗಿರುವ ರೋಗ ಯಾವುದೆಂದು ತಿಳಿದಿರುತ್ತದೆ. ಪರೀಕ್ಷೆಯ ಚೀಟಿ ಕೈಯಲ್ಲಿರುತ್ತದೆ. ಚೀಟಿ ಬರುವ ಮುಂಚಿನ ಹೊತ್ತಿನಲ್ಲಿ ರೋಗಿಯ ಪಕ್ಕ ಯಾರಿದ್ದರು, ಅವರ ಮುಖದ ಮೇಲೆ ಏನಿತ್ತು ಎಂಬ ಪ್ರಶ್ನೆಯೇ ಈ ವಿಷಯದ ಕೇಂದ್ರ ಎಂದು ನಾನು ನಂಬಿದ್ದೇನೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 2020ರ ಫೆಬ್ರುವರಿ 29ರಂದು ಸೌದಿ ಅರೇಬಿಯಾದಿಂದ ಕಲಬುರಗಿಗೆ ಮರಳಿದ 76 ವರ್ಷದ ಹಿರಿಯರೊಬ್ಬರಿಗೆ ಕೆಲವೇ ದಿನಗಳಲ್ಲಿ ಜ್ವರ, ಕೆಮ್ಮು ಕಾಣಿಸಿತು. ಖಾಸಗಿ ವೈದ್ಯರೊಬ್ಬರು ಮನೆಗೇ ಬಂದು ಚಿಕಿತ್ಸೆ ಕೊಟ್ಟರು. ಆಮೇಲೆ ಕಲಬುರಗಿಯ ಆಸ್ಪತ್ರೆ, ಅಲ್ಲಿಂದ ಹೈದರಾಬಾದ್, ಮತ್ತೆ ವಾಪಸ್. ಮಾರ್ಚ್ 10ರಂದು ದಾರಿಯಲ್ಲೇ ಅವರು ತೀರಿಕೊಂಡರು. ಅದು ಭಾರತದ ಮೊದಲ ಕೋವಿಡ್ ಸಾವು ಎಂದು ಖಚಿತವಾದದ್ದು ಎರಡು ದಿನ ಬಿಟ್ಟು, ಮಾರ್ಚ್ 12ರಂದು. ಮುಂದಿನ ವಾರ, ಮಾರ್ಚ್ 17ರಂದು, ಮನೆಗೆ ಹೋಗಿ ಅವರನ್ನು ನೋಡಿದ 63 ವರ್ಷದ ವೈದ್ಯರಿಗೂ ಸೋಂಕು ಇರುವುದು ಗೊತ್ತಾಯಿತು.

ಆ ವೈದ್ಯರು ಮಾಡಿದ್ದರಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ. ಹಳೆಯ ಪರಿಚಯದ ಮನೆಯವರು ಕರೆದರೆ ಬ್ಯಾಗು ಹಿಡಿದು ಹೋಗುವುದು ನಮ್ಮ ಸಣ್ಣ ಪೇಟೆಗಳ ವೈದ್ಯರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು. ಜ್ವರ, ಕೆಮ್ಮಿನ ಒಬ್ಬ ವೃದ್ಧರನ್ನು ಅವರು ನೋಡಿದರು, ಅಷ್ಟೇ. ಆ ದಿನ ದೇಶದಲ್ಲಿ ಯಾರೂ ಅವರಿಗೆ ಎನ್‌95 ಹಾಕಿಕೊಂಡು ಹೋಗಿ ಎಂದು ಹೇಳಿರಲಿಲ್ಲ.

ಕೇರಳದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲೂ ಹೀಗೇ ಆಯಿತು. 2018ರ ಮೇ ತಿಂಗಳ ಮೊದಲ ವಾರ ಜ್ವರದಿಂದ ಬಂದ ಯುವಕನೊಬ್ಬನನ್ನು ರಾತ್ರಿ ಪಾಳಿಯಲ್ಲಿ ನೋಡಿಕೊಂಡವರು ನರ್ಸ್ ಲಿನಿ ಪುದುಶ್ಶೇರಿ. ಅವನಿಗೆ ನಿಪಾ ಬಂದಿದೆ ಎಂಬ ಕಲ್ಪನೆ ಯಾರಿಗೂ ಇರಲಿಲ್ಲ. ಅವನು ತೀರಿಕೊಂಡು, ಅದೇ ಮನೆಯ ಇನ್ನೊಬ್ಬರು ಅವೇ ಲಕ್ಷಣಗಳೊಡನೆ ಕೋಳಿಕ್ಕೋಡಿನ ಆಸ್ಪತ್ರೆ ಸೇರಿದ ಮೇಲೆ ಅಲ್ಲಿನ ವೈದ್ಯರಿಗೆ ಅನುಮಾನ ಬಂತು. ಮೇ 21ರಂದು ಲಿನಿ ತೀರಿಕೊಂಡರು. ಎರಡು ಸಣ್ಣ ಮಕ್ಕಳ ತಾಯಿ. ಆ ಬಾರಿ ಸೋಂಕು ತಗಲಿದವರಲ್ಲಿ ಅನೇಕರು ಆ ಮೊದಲ ರೋಗಿಯ ವಾರ್ಡಿನವರೂ ಆಗಿರಲಿಲ್ಲ. ಸ್ಕ್ಯಾನ್ ಮಾಡಿಸಲು ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನ ಕಾರಿಡಾರಿನಲ್ಲಿ ಅವನನ್ನು ಕಾಯಿಸಿದ ಹೊತ್ತಿನಲ್ಲಿ ಅಲ್ಲಿ ಕುಳಿತಿದ್ದವರು, ಹಾದುಹೋದವರು. ಯಾರದ್ದೋ ಕಾಲುನೋವಿಗೆ ಎಕ್ಸ್‌ರೇ ಮಾಡಿಸಲು ಜೊತೆಗೆ ಹೋಗಿ ನಾವೆಲ್ಲ ಬೆಂಚಿನ ಮೇಲೆ ಕೂರುತ್ತೇವಲ್ಲ, ಅಂಥದೇ ಕಾರಿಡಾರು.

ಅದಕ್ಕೂ ಮೊದಲು 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಮಂದಿಗೆ ಒಂದು ವಿಚಿತ್ರ ಮಿದುಳುಜ್ವರ ಬಂದು 45 ಮಂದಿ ಸತ್ತರು. ರೋಗ ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಅದು ತಗಲಿದ್ದು ಆಸ್ಪತ್ರೆಯಲ್ಲೇ. ಅವರಲ್ಲಿ ಸಿಬ್ಬಂದಿ ಇದ್ದರು, ಬೇರೆ ರೋಗಿಗಳಿದ್ದರು, ನೋಡಲು ಬಂದವರಿದ್ದರು. ಅದು ನಿಪಾ ಎಂದು ವಿಜ್ಞಾನಿಗಳು ಕೂಡಿಟ್ಟ ಮಾದರಿಗಳಿಂದ ಗುರುತಿಸಿ ಪ್ರಕಟಿಸುವ ಹೊತ್ತಿಗೆ 2006 ಬಂದಿತ್ತು.

ಈ ಮೂರು ಊರುಗಳ ಕಥೆ ಒಂದೇ ಬಗೆಯದಾಗಿ ಕಂಡರೂ ಒಳಗೊಂದು ವ್ಯತ್ಯಾಸವಿದೆ. ಆರೋಗ್ಯ ಇಲಾಖೆಯ ತರಬೇತಿಗಳಲ್ಲಿ ಇದನ್ನೇ ಮೊದಲು ಹೇಳಬೇಕು. ಪ್ರತಿಯೊಂದು ವೈರಸ್ಸಿಗೂ ತನ್ನದೇ ವೇಳೆ ಇದೆ. ಕೋವಿಡ್ ರೋಗಿ ಇತರರಿಗೆ ಅತಿ ಹೆಚ್ಚು ಹರಡುವುದು ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲು ಮತ್ತು ಕಂಡ ಮೊದಲ ಕೆಲ ದಿನಗಳಲ್ಲಿ. ಹಾಗಾಗಿ ಅದು ಮೊದಲು ಹಿಡಿಯುವುದು ಮನೆಬಾಗಿಲಿಗೆ ಹೋಗುವ ಆಶಾಳನ್ನು, ಹೊರರೋಗಿ ವಿಭಾಗದ ವೈದ್ಯರನ್ನು, ಚೀಟಿ ಬರೆಯುವ ಗುಮಾಸ್ತರನ್ನು. ನಿಪಾ ಮತ್ತು ಎಬೋಲಾದ ರೀತಿ ಬೇರೆ. ರೋಗಿ ಎಷ್ಟು ವಿಷಮ ಸ್ಥಿತಿಗೆ ಹೋಗುತ್ತಾನೋ ಅವನ ಮೈಯಿಂದ ಬರುವ ದ್ರವಗಳಲ್ಲಿ ವೈರಸ್ಸು ಅಷ್ಟು ಹೆಚ್ಚು. ಅಲ್ಲಿ ಅಪಾಯ ಇರುವುದು ವಾರ್ಡಿನ ನರ್ಸಿಗೆ, ಹಾಸಿಗೆ ಬದಲಿಸುವ ಆಯಾಗೆ, ಶವ ತೊಳೆಯುವವರಿಗೆ. ಪಶ್ಚಿಮ ಆಫ್ರಿಕಾದ ಎಬೋಲಾ ಹಾವಳಿಯಲ್ಲಿ ಆರೋಗ್ಯ ಸಿಬ್ಬಂದಿಗೆ ಸೋಂಕು ತಗಲುವ ಸಂಭವ ಉಳಿದ ವಯಸ್ಕರಿಗಿಂತ 21ರಿಂದ 32 ಪಟ್ಟು ಹೆಚ್ಚಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲೆಕ್ಕ ಕೊಟ್ಟಿತು. ದಡಾರಕ್ಕೆ ಇನ್ನೊಂದು ವೇಳೆ. ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಹರಡಲು ಶುರು, ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ವೈರಸ್ಸು ಇರಬಲ್ಲದು. ಹೆಪಟೈಟಿಸ್-ಬಿ ಇರುವವರಂತೂ ವರ್ಷಗಟ್ಟಲೆ ಆರಾಮಾಗಿ ಓಡಾಡುತ್ತಿರುತ್ತಾರೆ. ಅವರ ರಕ್ತ ತೆಗೆಯುವ ಲ್ಯಾಬಿನವರಿಗೂ ಸೂಜಿ ಗುಡಿಸುವವರಿಗೂ ಯಾವ ಮುನ್ಸೂಚನೆಯೂ ಸಿಗುವುದಿಲ್ಲ.

ಹರಡುವ ದಾರಿ ಗೊತ್ತಿದ್ದರೆ ಅನಾವಶ್ಯಕ ಹೆದರಿಕೆಯೂ ಹೋಗುತ್ತದೆ. ಡೆಂಗಿ ರೋಗಿಯ ಪಕ್ಕ ಕುಳಿತರೆ ಡೆಂಗಿ ಬರುವುದಿಲ್ಲ, ಸೊಳ್ಳೆ ಬೇಕು. ಕಲಘಟಗಿಯ ಗಡಿ ದಾಟಿದರೆ ಉತ್ತರ ಕನ್ನಡದ ಕಾಡು. ಆ ಜಿಲ್ಲೆಯಲ್ಲಿ ಮಂಗನ ಕಾಯಿಲೆಯ ಸುದ್ದಿ ಬಂದಾಗಲೆಲ್ಲ ರೋಗಿಯನ್ನು ಮುಟ್ಟಲು ಜನ ಹಿಂಜರಿಯುವುದುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣ್ಣೆ ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಅದೇ ವೈರಸ್ಸಿನ ಮೇಲೆ ಕೆಲಸ ಮಾಡುವ ಪ್ರಯೋಗಾಲಯದವರಿಗೆ ಮಾತ್ರ ಅಪಾಯ ನಿಜ, ಅಲ್ಲಿ ಸೋಂಕು ತಗಲಿದ ಪ್ರಸಂಗಗಳಿವೆ.

ಉಸಿರಿನಿಂದ ಬರುವ ರೋಗಗಳ ಮಾತಿಗೆ ಬಂದರೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪೇಕ್ಷಿತ ರಕ್ಷಣೆ ಗಾಳಿಯೇ. ಪೆರು ದೇಶದ ಲಿಮಾ ನಗರದಲ್ಲಿ ಸಂಶೋಧಕರು ಎಂಟು ಆಸ್ಪತ್ರೆಗಳ 70 ಕೋಣೆಗಳಲ್ಲಿ ಗಾಳಿಯ ಓಡಾಟ ಅಳೆದು 2007ರಲ್ಲಿ ವರದಿ ಮಾಡಿದರು. ಕಿಟಕಿ, ಬಾಗಿಲು ಪೂರ್ತಿ ತೆರೆದಿಟ್ಟರೆ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಪ್ರತ್ಯೇಕ ಕೋಣೆಗಳಿಗೆ ಇಟ್ಟುಕೊಂಡಿದ್ದ ಮಟ್ಟ ಗಂಟೆಗೆ 12. ಇನ್ನೂ ಕುತೂಹಲದ ಸಂಗತಿ ಎಂದರೆ 1950ಕ್ಕೂ ಮುಂಚೆ ಕಟ್ಟಿದ, ಎತ್ತರದ ಮಾಳಿಗೆ ಮತ್ತು ದೊಡ್ಡ ಕಿಟಕಿಗಳ ಹಳೆಯ ವಾರ್ಡುಗಳು ಹೊಸ ಕಟ್ಟಡಗಳನ್ನು ಎಷ್ಟೋ ಹಿಂದೆ ಹಾಕಿದ್ದವು. ನಮ್ಮಲ್ಲೂ ಹಳೆಯ ಸರ್ಕಾರಿ ಆಸ್ಪತ್ರೆಗಳಿಗೆ ಸುತ್ತ ವರಾಂಡ, ಎದುರುಬದುರು ಕಿಟಕಿ ಇರುತ್ತಿದ್ದವು. ಈಗ ಕಟ್ಟುವ ಕ್ಲಿನಿಕ್ಕಿಗೆ ಅಂಗಡಿಯಂತೆ ಒಂದೇ ಶಟರು, ಒಳಗೆ ಗಾಜಿನ ಪಾರ್ಟಿಷನ್, ಎಸಿ. ಅದನ್ನು ಸುಧಾರಣೆ ಎಂದು ಒಪ್ಪಲು ನನಗೆ ಆಗುವುದಿಲ್ಲ.

ಹಳ್ಳಿಗೆ ಇದರಿಂದ ಬಹಳ ಉಪಯೋಗವಿದೆ. ನಮ್ಮ ಪ್ರತಿ ಮನೆಯ ಮುಂದೆ ಕಟ್ಟಿ ಇದೆ. ಜ್ವರ, ಕೆಮ್ಮಿನವರು ಎದ್ದು ಬರುವಷ್ಟು ಶಕ್ತಿ ಇದ್ದರೆ ಅವರನ್ನು ಹೊರಗೆ ಕಟ್ಟಿಯ ಮೇಲೆ ಕೂರಿಸಿಯೇ ನೋಡಬಹುದು. ಹಿರಿಯರನ್ನು ಹೊರಗೆ ಕರೆದರೆ ಅಗೌರವ ಎಂಬ ಅಳುಕು ಆಶಾ ಅಕ್ಕನಿಗೆ ಇರುತ್ತದೆ. ಆ ಅಳುಕನ್ನು ಅವಳೊಬ್ಬಳ ತಲೆಯ ಮೇಲೆ ಬಿಡಬಾರದು. ಗ್ರಾಮಸಭೆಯಲ್ಲೇ ಒಮ್ಮೆ ಹೇಳಿಬಿಟ್ಟರೆ ಅದು ಊರಿನ ರೂಢಿಯಾಗುತ್ತದೆ. ಏಳಲಾರದವರಿದ್ದರೆ ಬೆಳಕಿಂಡಿ, ಹಿತ್ತಲ ಬಾಗಿಲು, ಮುಂಬಾಗಿಲು ಎಲ್ಲ ತೆರೆದು ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಬೇಕು. ಆರೋಗ್ಯ ಕೇಂದ್ರದಲ್ಲೂ ಕೆಮ್ಮಿನವರಿಗೆ ಬೇರೆ ಬೆಂಚು ಬೇಕು, ಅದು ವರಾಂಡದಲ್ಲಿರಬೇಕು. ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ ನಡೆಯುವ ದಿನ ಇದನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು.

ಗಾಳಿಯ ನಂತರ ಮಾಸ್ಕ್. ಸಾಮಾನ್ಯ ಸರ್ಜಿಕಲ್ ಮಾಸ್ಕ್ ನಮ್ಮ ಬಾಯಿಂದ ಹಾರುವ ಹನಿ ಬೇರೆಯವರ ಮೇಲೆ ಬೀಳದಂತೆ ತಡೆಯಲು ಮಾಡಿದ್ದು. ಬದಿಗಳಿಂದ ಗಾಳಿ ಒಳಗೆ ನುಗ್ಗುತ್ತದೆ. ಎನ್‌95 ಮಾಸ್ಕಿನ ಬಟ್ಟೆ ಹಾಗಲ್ಲ. ಅದರ ನಡುಪದರದ ಸಣ್ಣ ಎಳೆಗಳಿಗೆ ತಯಾರಿಯಲ್ಲೇ ವಿದ್ಯುತ್ ಆವೇಶ ತುಂಬಿರುತ್ತಾರೆ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಕೆ ಕಾಗದದ ಚೂರನ್ನು ಸೆಳೆಯುವಂತೆ ಆ ಎಳೆಗಳು ಗಾಳಿಯಲ್ಲಿನ ಕಣವನ್ನು ಸೆಳೆದು ಹಿಡಿದುಕೊಳ್ಳುತ್ತವೆ. ಹಿಡಿಯಲು ಅತಿ ಕಷ್ಟವಾದ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲೂ ಕನಿಷ್ಠ ಶೇ 95ರಷ್ಟನ್ನು ತಡೆಯುವುದರಿಂದಲೇ ಅದಕ್ಕೆ ಆ ಹೆಸರು. ಸೋಪಿನ ನೀರಿನಲ್ಲಿ ಒಗೆದು ತಂತಿಗೆ ಹಾಕಿದರೆ, ಸ್ಯಾನಿಟೈಸರ್ ಸಿಂಪಡಿಸಿದರೆ ಆ ಆವೇಶ ಹೋಗುತ್ತದೆ. ನೋಡಲು ಮಾಸ್ಕ್ ಹಾಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ಒಗೆದ ಎನ್‌95 ಬಿಸಿಲಿಗೆ ತೂಗುತ್ತಿದ್ದವು. ಕೊಟ್ಟದ್ದು ಒಂದೇ ಆದಾಗ ಪಾಪ ಇನ್ನೇನು ಮಾಡಿಯಾರು? ಕೊರತೆಯ ದಿನಗಳಿಗೆ ತಜ್ಞರು ಹೇಳಿದ ಉಪಾಯ ಬೇರೆ ಇತ್ತು. ನಾಲ್ಕೈದು ಮಾಸ್ಕ್ ಇಟ್ಟುಕೊಂಡು, ಬಳಸಿದ್ದನ್ನು ಒಂದೊಂದು ಕಾಗದದ ಚೀಲದಲ್ಲಿ ಕೆಲವು ದಿನ ಒಣಗಲು ಬಿಟ್ಟು ಸರದಿಯಲ್ಲಿ ಬಳಸುವುದು.

ಮುಖಕ್ಕೆ ಕೂರುವುದು ಇನ್ನೊಂದು ಮಾತು. ಮೂಗಿನ ಮೇಲಿನ ತಂತಿ ಒತ್ತಿ, ಎರಡೂ ಕೈ ಮಾಸ್ಕಿನ ಸುತ್ತ ಇಟ್ಟು ಜೋರಾಗಿ ಉಸಿರು ಬಿಟ್ಟರೆ ಅಂಚಿನಿಂದ ಗಾಳಿ ಸೂಸಬಾರದು. ಕನ್ನಡಕ ಮಂಜಾದರೆ ಸೋರುತ್ತಿದೆ ಎಂದೇ ಅರ್ಥ. ಗಡ್ಡವಿದ್ದರೆ ಎಂಥ ಮಾಸ್ಕೂ ಕೂರುವುದಿಲ್ಲ.

ಪಿಪಿಇ ಕಿಟ್ ಹಾಕಿಕೊಳ್ಳುವುದಕ್ಕಿಂತ ಬಿಚ್ಚುವುದು ಕಷ್ಟ. ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯ ಸೆಖೆಯಲ್ಲಿ ಕಿಮ್ಸ್‌ನ ಕೋವಿಡ್ ವಾರ್ಡುಗಳಲ್ಲಿ ದುಡಿದವರ ಸ್ಥಿತಿ ನೆನಸಿಕೊಳ್ಳಿ. ಉತ್ತರ ಕರ್ನಾಟಕದ ಎಷ್ಟೋ ಜಿಲ್ಲೆಗಳ ರೋಗಿಗಳಿಗೆ ಅದೇ ದೊಡ್ಡಾಸ್ಪತ್ರೆ. ಪಾಳಿ ಮುಗಿಯುವವರೆಗೆ ನೀರಿಲ್ಲ, ಶೌಚಕ್ಕೆ ಹೋಗುವಂತಿಲ್ಲ, ಒಳಉಡುಪೆಲ್ಲ ಬೆವರಿಗೆ ತೊಯ್ದಿರುತ್ತದೆ, ಮುಟ್ಟಿನ ದಿನವಾದರೆ ನರ್ಸುಗಳ ಪಾಡು ಇನ್ನೂ ಕಷ್ಟ. ಹೊರಗೆ ಬಂದ ಕೂಡಲೇ ಮುಖದ ಮೇಲಿನದ್ದನ್ನು ಕಿತ್ತು ಎಸೆಯಬೇಕೆನಿಸುವುದು ಸಹಜ. ವೈರಸ್ಸು ಇರುವುದು ಕಿಟ್ಟಿನ ಹೊರಮೈ ಮೇಲೆ. ಬೆವರಿದ ಮುಖಕ್ಕೆ ಕೈ ಹೋಗುವುದೂ ಆಗಲೇ. ಅದಕ್ಕೇ ಕ್ರಮವಿದೆ. ಮೊದಲು ಹೊರಗಿನ ಕೈಗವಸು, ಒಳಮೈ ಹೊರಗಾಗುವಂತೆ. ಕೈಗೆ ಸ್ಯಾನಿಟೈಸರ್. ಆಮೇಲೆ ಗೌನನ್ನು ಭುಜದಿಂದ ಕೆಳಗೆ, ಒಳಗಿನದು ಹೊರಗೆ ಬರುವಂತೆ ಸುತ್ತುತ್ತ ಇಳಿಸುವುದು. ಮತ್ತೆ ಕೈ. ಕನ್ನಡಕವನ್ನು ಹಿಂದಿನ ಪಟ್ಟಿ ಹಿಡಿದು ತೆಗೆಯುವುದು. ಮಾಸ್ಕ್ ಕೊನೆಗೆ, ರೋಗಿಯ ಕೋಣೆಯಿಂದ ಹೊರಬಂದ ಮೇಲೆ, ಮುಂಭಾಗ ಮುಟ್ಟದೆ. ಮತ್ತೊಮ್ಮೆ ಕೈ. ಇದನ್ನು ಒಬ್ಬರು ಎದುರು ನಿಂತು ಹೇಳಿಕೊಡುತ್ತಿದ್ದರೆ ತಪ್ಪು ಕಡಿಮೆ, ದಣಿದ ಮನುಷ್ಯನಿಗೆ ಒಬ್ಬನೇ ಮಾಡಲು ಬಿಟ್ಟರೆ ತಪ್ಪು ಖಂಡಿತ. ಆ ಕೆಲಸಕ್ಕೆಂದೇ ಒಬ್ಬರನ್ನು ನಿಲ್ಲಿಸುವ ಆಸ್ಪತ್ರೆ ತನ್ನ ಸಿಬ್ಬಂದಿಯನ್ನು ನಿಜವಾಗಿ ಕಾಯುತ್ತಿದೆ ಎಂದು ಹೇಳಬಹುದು.

ರೋಗಿಯ ಎದುರು ಇಷ್ಟೆಲ್ಲ ಎಚ್ಚರ ವಹಿಸಿದವರೂ ಸಿಕ್ಕಿಬೀಳುವ ಇನ್ನೊಂದು ಜಾಗವಿದೆ. ಧಾರವಾಡದ ಜನಕ್ಕೆ ಅದು ಚೆನ್ನಾಗಿ ನೆನಪಿರಬೇಕು. 2021ರ ನವೆಂಬರ್ 17ರಂದು ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಸಮಾರಂಭ ನಡೆಯಿತು. ಒಂದು ವಾರ ಕಳೆದ ಮೇಲೆ 66 ಜನರಲ್ಲಿ ಕೋವಿಡ್ ಕಂಡಿತು. ಮರುದಿನ 182. ಎಲ್ಲರನ್ನೂ ಪರೀಕ್ಷಿಸುತ್ತ ಹೋದ ಹಾಗೆ 281 ದಾಟಿತು. ವಿದ್ಯಾರ್ಥಿಗಳು, ಸಿಬ್ಬಂದಿ, ಹೆಚ್ಚಿನವರು ಎರಡೂ ಡೋಸ್ ಲಸಿಕೆ ಪಡೆದವರು. ಬಹುತೇಕರಿಗೆ ಲಕ್ಷಣವೇ ಇರಲಿಲ್ಲ, ಇದ್ದವರಿಗೂ ಸೌಮ್ಯ. ಲಸಿಕೆ ತನ್ನ ಮುಖ್ಯ ಕೆಲಸ ಮಾಡಿತ್ತು, ಜೀವ ಕಾದಿತ್ತು. ಆದರೆ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟುವುದನ್ನು ಅದು ಪೂರ್ತಿ ತಡೆಯಲಾರದು ಎಂಬುದು ಆ ಒಂದು ವಾರದಲ್ಲಿ ಸ್ಪಷ್ಟವಾಯಿತು. ಲಕ್ಷಣವಿಲ್ಲದವರನ್ನೂ ಬಿಡದೆ ಪರೀಕ್ಷಿಸಿದ್ದರಿಂದ ಅಷ್ಟು ದೊಡ್ಡ ಸಂಖ್ಯೆ ಹೊರಬಂತು. ಹಾಗೆ ಹುಡುಕಿದ್ದೇ ಸರಿ. ಹುಡುಕದಿದ್ದರೆ ಆ ಯುವಕ ಯುವತಿಯರು ಆರಾಮಾಗಿಯೇ ಆಸ್ಪತ್ರೆಯ ವಾರ್ಡುಗಳಲ್ಲಿ, ವಯಸ್ಸಾದ ರೋಗಿಗಳ ನಡುವೆ ಓಡಾಡುತ್ತಿದ್ದರು.

 

ಆಸ್ಪತ್ರೆಗಳಲ್ಲಿ ಮಾಸ್ಕ್ ಕೆಳಗಿಳಿಯುವ ಜಾಗ ರೋಗಿಯ ಹಾಸಿಗೆಯಲ್ಲ, ಊಟದ ಕೋಣೆ. ಡ್ಯೂಟಿ ಬದಲಾಗುವ ಹೊತ್ತಿನ ಚಹಾ, ಟಿಫಿನ್ ಡಬ್ಬಿ ಹಂಚಿಕೊಳ್ಳುವುದು, ಒಂದೇ ಜೀಪಿನಲ್ಲಿ ಲಸಿಕೆ ಕ್ಯಾಂಪಿಗೆ ಹೋಗಿಬರುವುದು, ತಿಂಗಳ ಮೀಟಿಂಗಿಗೆ ಸಣ್ಣ ಹಾಲಿನಲ್ಲಿ ತಾಲ್ಲೂಕಿನ ಆಶಾಗಳೆಲ್ಲ ಸೇರುವುದು. ಜೊತೆಗಾರರು ನಮ್ಮವರು, ನಮ್ಮವರಿಂದ ರೋಗ ಬರುವುದಿಲ್ಲ ಎಂಬ ನಂಬಿಕೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಕೆಮ್ಮು ಬಂದ ನರ್ಸು ಪಾಳಿ ಬಿಟ್ಟರೆ ಗೆಳತಿಯ ಮೇಲೆ ಹೊರೆ ಬೀಳುತ್ತದೆಂದು ಎರಡು ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾಳೆ. ಅದು ಕರ್ತವ್ಯನಿಷ್ಠೆಯೇ, ಅದರಲ್ಲಿ ಅನುಮಾನ ಇಲ್ಲ. ಅವಳ ಬದಲಿಗೆ ಯಾರೂ ಇಲ್ಲದಂತೆ ಮಾಡಿಟ್ಟ ವ್ಯವಸ್ಥೆ ಆ ನಿಷ್ಠೆಯನ್ನೇ ಸೋಂಕಿನ ದಾರಿ ಮಾಡುತ್ತಿದೆ.

ರಕ್ತದಿಂದ ಬರುವ ವೈರಸ್ಸುಗಳಿಗೆ ಸುದ್ದಿವಾಹಿನಿಗಳಲ್ಲಿ ಜಾಗ ಸಿಗುವುದಿಲ್ಲ. ಹಳ್ಳಿಯ ಮಟ್ಟಿಗೆ ಅವು ಇಂದಿಗೂ ದಿನನಿತ್ಯದ ಅಪಾಯ. “ಸಾಹೇಬ್ರ, ಒಂದು ಸೂಜಿ ಮಾಡ್ರಿ” ಎಂದು ಕೇಳದೆ ನಮ್ಮ ಕಡೆ ಜ್ವರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಗುಳಿಗೆಯಲ್ಲಿ ಹೋಗುವ ಜ್ವರಕ್ಕೂ ಇಂಜೆಕ್ಷನ್ ಬೇಕು. ಒಂದೊಂದು ಅನಾವಶ್ಯಕ ಸೂಜಿಯೂ ಚುಚ್ಚುವವರ ಬೆರಳಿಗೆ ಒಂದೊಂದು ಅಪಾಯ. ರೋಗಿಗೆ ಚುಚ್ಚಿದ ಸೂಜಿ ಸಿಬ್ಬಂದಿಗೆ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಂಭವ ಶೇ 30ರವರೆಗೆ ಹೋಗಬಹುದು. ಹೆಪಟೈಟಿಸ್-ಸಿ ಅದಕ್ಕಿಂತ ಬಹಳ ಕಡಿಮೆ, ಎಚ್‌ಐವಿ ಶೇ 0.3. ಜನ ಹೆದರುವುದು ಎಚ್‌ಐವಿಗೆ, ನೂರು ಪಟ್ಟು ಸುಲಭವಾಗಿ ತಗಲುವುದು ಹೆಪಟೈಟಿಸ್-ಬಿ. ಒಣಗಿದ ರಕ್ತದ ಕಲೆಯಲ್ಲೂ ಅದು ಏಳು ದಿನ ಬದುಕಿರಬಲ್ಲದು. ಹೆಚ್ಚಿನ ಚುಚ್ಚುಗಾಯ ಆಗುವುದು ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಮತ್ತು ಕಸದ ಚೀಲ ಎತ್ತುವಾಗ. ಮುಚ್ಚಳ ಹಾಕಲೇಬಾರದು, ಸೂಜಿಯನ್ನು ಹಬ್ ಕಟರಿನಲ್ಲಿ ಅಲ್ಲೇ ಕತ್ತರಿಸಬೇಕು. ಕಸ ಎತ್ತುವವರ ಹೆಸರು ಆಸ್ಪತ್ರೆಯ ಲಸಿಕೆ ಪಟ್ಟಿಯಲ್ಲಿ ಬಿಟ್ಟುಹೋಗಿರುವುದೇ ಹೆಚ್ಚು. ಅವರು ಗುತ್ತಿಗೆಯವರು ಎಂಬುದು ಕಾರಣ. ವೈರಸ್ಸಿಗೆ ಗುತ್ತಿಗೆ, ಖಾಯಂ ಎಂಬ ಭೇದ ಇಲ್ಲ.

ಚುಚ್ಚಿದರೆ ಏನು ಮಾಡಬೇಕೆಂಬುದು ಪ್ರತಿ ಸಿಬ್ಬಂದಿಗೂ ಬಾಯಿಪಾಠ ಇರಬೇಕು. ಗಾಯವನ್ನು ಹಿಂಡಬಾರದು, ಬಾಯಿಗೆ ಇಡಬಾರದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು. ತಕ್ಷಣ ಮೇಲಿನವರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದರೆ ಉಪಯೋಗವಿಲ್ಲ, ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು. ಹೆಪಟೈಟಿಸ್-ಬಿ ಲಸಿಕೆ ಆಗದವರಿಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನು 24 ಗಂಟೆಯೊಳಗೆ ಕೊಡಬೇಕು. ತಂಬೂರಿನಂಥ ಊರಿನಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಮುಂಚೆಯೇ ಮೂರು ಡೋಸ್ ಲಸಿಕೆ ಮುಗಿಸಿದ್ದರೆ ಹೆಪಟೈಟಿಸ್-ಬಿಗಾಗಿ ಈ ಓಟ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೊದಲನೆಯದು, ತಿಂಗಳು ಬಿಟ್ಟು ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಆ ಮೂರನೆಯದನ್ನೇ ಹೆಚ್ಚಿನವರು ಮರೆಯುವುದು.

ಇನ್ನು ದುಡ್ಡಿನ ಮಾತು. ಕೋವಿಡ್‌ನಲ್ಲಿ 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಾದ್ಯಂತ ಸುಮಾರು 1.15 ಲಕ್ಷ ಆರೋಗ್ಯ ಸಿಬ್ಬಂದಿ ತೀರಿಕೊಂಡಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ಕೇಂದ್ರ ಸರ್ಕಾರ 2020ರ ಮಾರ್ಚ್ ಕೊನೆಗೆ ಆರೋಗ್ಯ ಸಿಬ್ಬಂದಿಗೆ 50 ಲಕ್ಷ ರೂಪಾಯಿ ವಿಮೆ ಘೋಷಿಸಿತು, ಆಶಾ ಕಾರ್ಯಕರ್ತೆಯರನ್ನೂ ಅದರಲ್ಲಿ ಸೇರಿಸಿತು. ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾಗಳ ಮೇಲೆ ಏಪ್ರಿಲ್‌ನಲ್ಲಿ ಹಲ್ಲೆ ನಡೆಯಿತು. ಆ ತಿಂಗಳೇ ಹಲ್ಲೆಕೋರರಿಗೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸುವ ಸುಗ್ರೀವಾಜ್ಞೆ ಬಂತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಆ ವಿಮೆ ಸತ್ತರೆ ಮಾತ್ರ. ಸೋಂಕು ತಗಲಿ ಹದಿನೈದು ದಿನ ಮಲಗಿದವಳಿಗೆ, ಆಮೇಲೆ ತಿಂಗಳುಗಟ್ಟಲೆ ಸುಸ್ತಿನಿಂದ ಏಳಲಾರದವಳಿಗೆ ಅದರಲ್ಲಿ ಏನೂ ಇರಲಿಲ್ಲ.

ಆಶಾ ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ. ಕೆಲಸಕ್ಕೆ ಹೋಗದ ದಿನ ಆ ಹಣ ಇಲ್ಲ. ಹೀಗಿದ್ದಾಗ ಗಂಟಲು ಕೆರೆಯುತ್ತಿದೆ, ಇವತ್ತು ಮನೆಯಲ್ಲೇ ಇರುತ್ತೇನೆ ಎಂದು ಅವಳು ಹೇಳಬೇಕೆಂದು ಹೇಗೆ ನಿರೀಕ್ಷಿಸುವುದು? 2020ರ ಬೇಸಿಗೆಯಲ್ಲಿ ಕರ್ನಾಟಕದ ಸುಮಾರು 42 ಸಾವಿರ ಆಶಾಗಳು 1.59 ಕೋಟಿ ಮನೆಗಳಿಗೆ ಹೋಗಿ ವೃದ್ಧರು, ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಯಾರಿದ್ದಾರೆಂದು ಪಟ್ಟಿ ಮಾಡಿದರು. ಜುಲೈ 10ರಿಂದ ಅದೇ ಆಶಾಗಳು ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 12 ಸಾವಿರ ನಿಶ್ಚಿತ ಗೌರವಧನ ಮತ್ತು ಸರಿಯಾದ ಸುರಕ್ಷತಾ ಸಾಮಗ್ರಿ. ಹಾವಳಿಯ ನಡುವೆ ಮುಷ್ಕರವೇ ಎಂದು ಆಗ ಮೂಗು ಮುರಿದವರಿದ್ದರು. ನನಗೆ ಅದು ಸೋಂಕು ನಿಯಂತ್ರಣದ ಬೇಡಿಕೆಯಾಗಿಯೇ ಕಂಡಿತ್ತು, ಈಗಲೂ ಹಾಗೇ ಕಾಣುತ್ತದೆ. ಎರಡು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯ ಜೊತೆಗೆ ಜ್ವರದ ರಜೆಗೆ ಸಂಬಳ ಬರಲಿಲ್ಲ.

ದೊಡ್ಡ ಬೇಡಿಕೆಗಳು ಬೆಂಗಳೂರು, ದಿಲ್ಲಿಯಲ್ಲಿ ತೀರ್ಮಾನವಾಗಬೇಕು. ಊರಿನ ಮಟ್ಟದಲ್ಲಿ ಇವತ್ತೇ ಮಾಡಬಹುದಾದದ್ದೂ ಇದೆ. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದ ನಿಯಮದಂತೆ ಅದಕ್ಕೆ ವರ್ಷಕ್ಕೆ 10 ಸಾವಿರ ರೂಪಾಯಿವರೆಗೆ ಮುಕ್ತ ನಿಧಿ ಇದೆ. ಊರಿನ ಆರೋಗ್ಯದ ಅಗತ್ಯಕ್ಕೆ ಸಮಿತಿಯೇ ಠರಾವು ಮಾಡಿ ಖರ್ಚು ಮಾಡಬಹುದಾದ ಹಣ ಅದು. ಮಳೆಗಾಲಕ್ಕೆ ಮುಂಚೆ ಸಮಿತಿ ಒಮ್ಮೆ ಕೂಡಿ ಆಶಾ ಅಕ್ಕನ ಚೀಲದಲ್ಲಿ ಎನ್‌95 ಮಾಸ್ಕುಗಳು ಎಷ್ಟಿವೆ, ಅವಳ ಹೆಪಟೈಟಿಸ್-ಬಿ ಮೂರನೇ ಡೋಸ್ ಆಗಿದೆಯೇ, ಅವಳು ಜ್ವರದಿಂದ ಮಲಗಿದರೆ ಅವಳ ಮನೆಗಳನ್ನು ಆ ವಾರ ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಸಂಗತಿಗಳನ್ನು ಠರಾವು ಪುಸ್ತಕದಲ್ಲಿ ಬರೆದಿಡಬೇಕು. ಅಂಗನವಾಡಿಯವರೂ ಗ್ರಾಮ ಪಂಚಾಯ್ತಿ ಸದಸ್ಯರೂ ಆ ಸಭೆಯಲ್ಲಿ ಇರುತ್ತಾರೆ. ಉಪಕೇಂದ್ರದ ಸಿಸ್ಟರ್‌ಗೂ, ಕಸ ಎತ್ತುವವರಿಗೂ ಇದೇ ಪ್ರಶ್ನೆ ಕೇಳಬೇಕು, ಉತ್ತರವನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕು.